ಅತ್ತೆಯ ಜೊತೆ ಚೀನಾ ಅಮ್ಮನ ಮನೆಗೆ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ನಾನೂ ನಮ್ಮ ಅತ್ತೆಯೂ ಪೀಣ್ಯದಿಂದ ಕಾಡುಗೋಡಿಗೆ ಹೊರಟೆವು. ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದದ್ದನ್ನೇ ಪ್ರವಾಸ ಅಂತ ಬರೆಯುತ್ತಾಳಲ್ಲ ಇವಳು ಎಂದು ನೀವು ನಗಬಹುದು. ನಗಿ. ಅಷ್ಟು ಹೊತ್ತಿನಲ್ಲಿ ಅತ್ತೆ ತಮ್ಮ ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಹೋಗಿ, ಸೀರೆ ಆರಿಸಿ, ಚೌಕಾಸಿಯಲ್ಲಿ ಅಂಗಡಿಯವನನ್ನು ಸುಸ್ತು ಮಾಡಿ, ವಾಪಸ್ಸು ಬಂದು ರಾತ್ರಿ ಅಡುಗೆಗೆ ಒಲೆ ಹಚ್ಚುತ್ತಿದ್ದರು. ನಮಗೆ ಕಾಡುಗೋಡಿಗೆ ಹೋಗಿಬರಲು ಇಡೀ ದಿನ ಹಿಡಿಯಿತು.

ಹೋದದ್ದು ಒಬ್ಬ ಚೀನೀ ಹೆಂಗಸನ್ನು ಕಾಣಲು. ನನಗೆ ಆಗ ಮೂವತ್ತೆರಡು ವರ್ಷ. ಎರಡು ಸಲ ಬಸುರಾಗಿದ್ದೆ, ಎರಡು ಸಲವೂ ನಿಲ್ಲಲಿಲ್ಲ. ಮೊದಲನೆಯದು ಎರಡು ತಿಂಗಳು ತುಂಬುವ ಹೊತ್ತಿಗೆ ಹೋಯಿತು, ಎರಡನೆಯದು ನಾಲ್ಕನೇ ತಿಂಗಳಲ್ಲಿ. ಆಸ್ಪತ್ರೆಯ ಡಾಕ್ಟರಮ್ಮ ಇದ್ದಬದ್ದ ಪರೀಕ್ಷೆಯನ್ನೆಲ್ಲ ಮಾಡಿಸಿ, "ಎಲ್ಲಾ ನಾರ್ಮಲ್ ಇದೆಯಮ್ಮ, ಮತ್ತೆ ಟ್ರೈ ಮಾಡಿ" ಎಂದಿದ್ದರು. ನಾನು ಪೀಣ್ಯದ ಒಂದು ಬಿಸ್ಕತ್ತಿನ ಕಾರ್ಖಾನೆಯ ಲ್ಯಾಬಿನಲ್ಲಿ ಹಿಟ್ಟಿನ ತೇವ, ಎಣ್ಣೆಯ ಕಮಟು ಅಳೆಯುವ ಕೆಲಸದವಳು. ನಮ್ಮಲ್ಲಿ ಎಲ್ಲವೂ ನಾರ್ಮಲ್ ಇದ್ದೂ ಬಿಸ್ಕತ್ತು ಮುರಿದರೆ ಅಲ್ಲಿಗೇ ಬಿಡುವುದಿಲ್ಲ, ಹಿಟ್ಟಿನಿಂದ ಒಲೆಯವರೆಗೆ ಮತ್ತೆ ನೋಡುತ್ತೇವೆ. ನನ್ನ ವಿಷಯದಲ್ಲಿ ಎಲ್ಲರೂ ಅಲ್ಲಿಗೇ ಬಿಟ್ಟಿದ್ದರು. ಮೂರನೆಯ ಸಲಕ್ಕೆ ಮನಸ್ಸು ಮಾಡಲೋ ಬೇಡವೋ ಎಂದು ತಿಳಿಯದೆ ಒಂದು ವರ್ಷ ಕಳೆದಿದ್ದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೆ.

ದಾರಿ ತೋರಿಸಿದವಳು ವೈಟ್‌ಫೀಲ್ಡಿನಿಂದ ಕೆಲಸಕ್ಕೆ ಬರುತ್ತಿದ್ದ ನಮ್ಮ ಲ್ಯಾಬಿನ ಸ್ಟೆಲ್ಲಾ. "ನಮ್ಮ ಕಡೆ ಒಬ್ರು ಚೈನೀಸ್ ಆಂಟಿ ಇದಾರೆ ಕಣ್ರೀ, ಟಾನ್ ಅಂತ. ಮಲೇಶಿಯಾದವ್ರು, ಯಾವುದೋ ಆಶ್ರಮಕ್ಕೆ ಅಂತ ಬಂದವ್ರು ಇಲ್ಲೇ ಉಳ್ಕೊಂಡ್ಬಿಟ್ರು. ನಾಡಿ ನೋಡಿ ಏನು ತಿನ್ಬೇಕು, ಏನು ಬಿಡ್ಬೇಕು ಅಂತ ಹೇಳ್ತಾರೆ. ಮಗು ಆಗೇ ಆಗುತ್ತೆ ಅಂತ ಮಾತ್ರ ಯಾರಿಗೂ ಹೇಳಲ್ಲ. ಅದಕ್ಕೇ ನಂಗೆ ಅವ್ರ ಮೇಲೆ ನಂಬಿಕೆ" ಎಂದಳು. ಅಳೆಯದೆ ಯಾವುದನ್ನೂ ನಂಬದ ನನಗೂ ಆ ಕೊನೆಯ ಮಾತು ಹಿಡಿಸಿತು.

ನಮ್ಮ ಮನೆಯವರು "ಹೋಗಿ ಬಾ, ನಷ್ಟ ಏನು" ಎಂದು ಪೇಪರಿನ ಹಿಂದೆ ಸರಿದರು. ಅತ್ತೆ ಮಾತ್ರ ಸೆರಗು ಬಿಗಿದು ನಿಂತರು. "ನಾನೂ ಬರ್ತೀನಿ. ಚೀನಾದಾಕಿ ಏನ್ ತಿನ್ನಸ್ತಾಳೋ ಏನೋ, ಯಾರಿಗೆ ಗೊತ್ತು?" ಅವರ ಭಯಕ್ಕೆ ಕಾರಣವಿತ್ತು. ನಾವು ಲಿಂಗಧಾರಿಗಳು, ಮನೆಯೊಳಗೆ ಮೊಟ್ಟೆ ಬಂದದ್ದಿಲ್ಲ. ಜೊತೆಗೆ ನನ್ನ ಊಟದ ಯಜಮಾನಿಕೆ ಪೂರ್ತಿ ಅವರದು. ಹೋದ ವರ್ಷ ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದವರು, ಬಂದ ವಾರದಲ್ಲೇ "ಮೈಯಾಗ ಹೀಟ್ ಇದ್ರ ಬಸುರು ನಿಲ್ಲೂದಿಲ್ಲ" ಎಂದು ತೀರ್ಪು ಕೊಟ್ಟಿದ್ದರು. ಅಂದಿನಿಂದ ನನಗೆ ದಿನಾ ಮಜ್ಜಿಗೆ, ಎಳನೀರು, ಸೌತೆಕಾಯಿ. ಶುಂಠಿ, ಬೆಳ್ಳುಳ್ಳಿ, ಎಳ್ಳು, ಬೆಲ್ಲ, ಪರಂಗಿ ಹಣ್ಣು ಬಂದ್. ಸಂಕ್ರಾಂತಿಯ ದಿನ ಓಣಿಯವರೆಲ್ಲ ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿದರೆ, ನಾನು ಎಳ್ಳಿಲ್ಲದೆಯೇ ಒಳ್ಳೆಯ ಮಾತಾಡಬೇಕಾಯಿತು.

ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಸಿಟಿ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ಪ್ಯಾಸೆಂಜರ್ ಹಿಡಿದೆವು. ವೈಟ್‌ಫೀಲ್ಡಿನ ಟಿಕೆಟ್ಟಿಗಿಂತ ಪ್ಲಾಟ್‌ಫಾರ್ಮಿನ ಎರಡು ಕಾಫಿಗೇ ಜಾಸ್ತಿ ಆಯಿತು. ಅತ್ತೆಯ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮತ್ತು ನನಗೆಂದೇ ಒಂದು ಬಾಟಲಿ ಮಜ್ಜಿಗೆ. ಚಳಿ ಎಷ್ಟಿತ್ತೆಂದರೆ ಕಿಟಕಿಯ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. "ಕುಡಿ" ಎಂದು ಅತ್ತೆ ಬಾಟಲಿ ಚಾಚಿದರು. ಕುಡಿದೆ.

ಕಂಟೋನ್ಮೆಂಟಿನಲ್ಲಿ ಒಬ್ಬ ಎಳೆಯ ಹೆಂಗಸು ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದಳು. ನಮ್ಮೆದುರು ಕುಳಿತು ಕೂಸಿನ ಕುಲಾವಿ ಸರಿಮಾಡುತ್ತಾ ಪಕ್ಕದವಳಿಗೆ "ಸರಕೋ ಯವ್ವಾ" ಎಂದಿದ್ದೇ ತಡ, ಅತ್ತೆಗೆ ಊರೇ ಎದುರು ಬಂದು ಕುಳಿತಂತಾಯಿತು. "ಯಾವೂರವಾ?" ಕೊಪ್ಪಳದ ಕಡೆಯವಳು. ಪಟ್ಟಂದೂರು ಅಗ್ರಹಾರದ ಹತ್ತಿರ ಏಳುತ್ತಿರುವ ಕಟ್ಟಡಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ಕಿವಿ ಕಟ್ಟಿಲ್ಲಲ್ಲ ನೀನು! ಹಸಿ ಬಾಣಂತಿ, ಗಾಳಿಗೆ ಹಿಂಗ ಕುಂತೀ?" ಎಂದು ಅತ್ತೆ ಗದರಿದರು.

"ಏನ್ ಮಾಡೂದ್ರಿ ಯವ್ವಾ. ಕೆಲ್ಸ ಬಿಟ್ಟು ಕುಂತ್ರ ಯಾರ್ ಹಾಕ್ತಾರ್ರೀ ಕೂಳು?"

"ಹಂಗನಬ್ಯಾಡ. ಬಾಣಂತನ ಕೆಟ್ರ ಜೀವನಾನ ಕೆಡ್ತೈತಿ. ನಮ್ಮ ಸುಮಾಗ ನಾ ಮೂರು ತಿಂಗಳು ಮಾಡೀನಿ. ದಿನಾ ಎಣ್ಣಿ ಹಚ್ಚಿ, ಸುಡು ಸುಡು ನೀರು ಹಾಕಿ, ಅಂಟಿನುಂಡಿ ತಿನ್ಸಿ. ಇವತ್ತಿಗೂ ಆಕಿಗೆ ಸೊಂಟನೋವು ಅಂದ್ರ ಏನಂತ ಗೊತ್ತಿಲ್ಲ." ಸುಮಾ ಎಂದರೆ ನನ್ನ ನಾದಿನಿ. ಅತ್ತೆ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗೆ ಬಾಣಂತನದ ಶಾಸ್ತ್ರವನ್ನೆಲ್ಲ ಹೇಳಿದರು: ಒಂದು ತಿಂಗಳು ಗಾಳಿ ಸೋಕಬಾರದು, ತಣ್ಣೀರು ಮುಟ್ಟಬಾರದು, ಬೆಳ್ಳುಳ್ಳಿ ಮೆಣಸು ತಪ್ಪಿಸಬಾರದು. ಆ ಹುಡುಗಿ ತಲೆಯಾಡಿಸುತ್ತಾ ರೊಟ್ಟಿ ತಿಂದಳು. ಕಡೆಗೆ ಅತ್ತೆ ತಮ್ಮ ಚೀಲದ ಬಾಯಿಗೆ ಕಟ್ಟಿದ್ದ ಹಳೆಯ ಪಂಚೆಯ ತುಂಡನ್ನೇ ಬಿಚ್ಚಿ ಅವಳ ಕಿವಿಗೆ ಸುತ್ತಿ ಗಂಟು ಹಾಕಿದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹೂಡಿಯ ಕಡೆ ಹೊಲಗಳಲ್ಲಿ ರಾಗಿ ಕೊಯ್ದಾಗಿತ್ತು.

ವೈಟ್‌ಫೀಲ್ಡ್ ಎಂಬುದು ಸ್ಟೇಷನ್ನಿನ ಹೆಸರು, ಇಳಿದರೆ ಕಾಡುಗೋಡಿ. ಊರಿಗೆ ಊರೇ ಅವರೆಕಾಯಿಯ ಸೊಗಡು ವಾಸನೆ. ಸಂತೆಯ ಗೋಣಿಗಳ ಮೇಲೆ ರಾಶಿ ರಾಶಿ ಸುರಿದಿದ್ದರು. ಅತ್ತೆ ಒಂದು ಕಾಯಿ ಸುಲಿದು ಮೂಸಿ, "ಇದಕ್ಕ ಇಷ್ಟು ಜಾತ್ರಿ ಮಾಡ್ತಾರಲ್ಲ ನಿಮ್ಮ ಬೆಂಗಳೂರಾಗ!" ಎಂದರು. ನಾನು ದಾವಣಗೆರೆಯವಳು, ಆದರೂ ಬೆಂಗಳೂರಿನ ಎಲ್ಲ ತಪ್ಪಿಗೂ ಅವರ ಲೆಕ್ಕದಲ್ಲಿ ನಾನೇ ಹೊಣೆ. ಟೀ ಅಂಗಡಿಯವನನ್ನು ದಾರಿ ಕೇಳಿದೆವು. "ಚೀನಾ ಅಮ್ಮನ ಮನೇನಾ ಅಕ್ಕ? ಇಂಗೇ ನೆಟ್ಟಗೆ ಓಗಿ, ಉಣಸೆ ಮರ ಸಿಗ್ತದೆ, ಅಲ್ಲಿ ಎಡಕ್ಕೆ. ನಮ್ಮಮ್ಮಂಗೂ ಮಂಡಿನೋವಿಗೆ ಸೂಜಿ ಚುಚ್ಚವ್ರೆ. ಒಳ್ಳೇ ಅಮ್ಮ" ಎಂದ.

ಕೆಂಪು ಹಂಚಿನ ಪುಟ್ಟ ಮನೆ. ಬಾಗಿಲು ತೆರೆದವರಿಗೆ ಅರವತ್ತು ದಾಟಿರಬೇಕು. ಬೂದುಬಣ್ಣದ ಸ್ವೆಟರ್, ಸಡಿಲ ಪೈಜಾಮ, ಕಾಲಿಗೆ ದಪ್ಪ ಸಾಕ್ಸ್. ಒಳಗೆ ಕಾಲಿಟ್ಟ ಕೂಡಲೇ ಅತ್ತೆಯ ಮುಖ ಸಡಿಲವಾಯಿತು. ಮನೆಯ ತುಂಬ ಒಣಶುಂಠಿ, ಚಕ್ಕೆ, ಬೇರುಗಳ ಪರಿಮಳ. "ಗಾಂಧಿಗರ ಅಂಗಡಿಯಂಗ ಐತಲ್ಲೇ" ಎಂದು, ಬೇರು ಮಸಾಲೆ ಮಾರುವ ತಮ್ಮೂರಿನ ಅಂಗಡಿಯನ್ನು ನೆನೆದು, ನನ್ನ ಕಿವಿಯಲ್ಲಿ ಹೇಳಿದರು. ಟಾನ್ ಆಂಟಿ ನಮಗೆ ಲೋಟದಲ್ಲಿ ಬಿಸಿನೀರು ಕೊಟ್ಟರು. ಬರೀ ಬಿಸಿನೀರು. ಅವರ ಮಾತು ಇಂಗ್ಲಿಷಿನಲ್ಲಿ, ಅತ್ತೆಯದು ಕನ್ನಡದಲ್ಲಿ, ನಡುವೆ ದುಭಾಷಿ ನಾನು. ರೋಗಿಯೂ ನಾನೇ ಆದ್ದರಿಂದ ಆ ದಿನ ಎರಡು ಪಾಳಿ ಕೆಲಸ.

ಮೊದಲು ನಾಲಿಗೆ ನೋಡಿದರು. ಆಮೇಲೆ ಪುಟ್ಟ ದಿಂಬಿನ ಮೇಲೆ ನನ್ನ ಕೈ ಇಟ್ಟು ಮೂರು ಬೆರಳಿನಲ್ಲಿ ನಾಡಿ ಹಿಡಿದರು. ಒಮ್ಮೆ ಮೆಲ್ಲಗೆ, ಒಮ್ಮೆ ಒತ್ತಿ. ಮೊದಲು ಎಡಗೈ, ಆಮೇಲೆ ಬಲಗೈ. ಗಡಿಯಾರ ನೋಡಲಿಲ್ಲ, ಎಣಿಸಲೂ ಇಲ್ಲ. ಏನನ್ನು ಹುಡುಕುತ್ತಿದ್ದೀರಿ ಎಂದು ಕೇಳಿಯೇಬಿಟ್ಟೆ. ವೇಗವನ್ನಲ್ಲ, ನಾಡಿ ಹೇಗೆ ನಡೆಯುತ್ತದೆ ಎಂಬುದನ್ನು ಎಂದರು. ನಿನ್ನದು ತೆಳ್ಳಗಿದೆ, ಆಳದಲ್ಲಿದೆ, ಒತ್ತಿ ಹುಡುಕಬೇಕು. ಇದನ್ನು ಯಾವ ಯಂತ್ರದಲ್ಲಿ ಅಳೆಯುವುದು ಎಂದು ನನ್ನ ಲ್ಯಾಬಿನ ಬುದ್ಧಿ ಚಡಪಡಿಸಿತು. ಅತ್ತೆ ಮಾತ್ರ, "ನಮ್ಮೂರ ಪಂಡಿತರೂ ಹಿಂಗ ಮೂರು ಬಟ್ಟೀಲೆ ಹಿಡೀತಿದ್ರು" ಎಂದು ಒಪ್ಪಿಗೆಯಿಂದ ತಲೆದೂಗಿದರು.

ರಾತ್ರಿ ಕಾಲು ತಣ್ಣಗಿರುತ್ತದೆಯೇ ಎಂದು ಕೇಳಿದರು. ನಾನು ಅನುವಾದ ಮಾಡಿದೆ. "ಮಂಜಿನಗಡ್ಡಿ! ನನ್ನ ಮಗ ದಿನಾ ಒದರತಾನ" ಎಂದು ಅತ್ತೆಯೇ ಉತ್ತರ ಕೊಟ್ಟರು. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಮುಖ ಕೆಂಪಾಗಿರಬೇಕು. ಟಾನ್ ಆಂಟಿ ನಗುತ್ತಾ, ನಮ್ಮ ವೈದ್ಯದ ಮಾತಿನಲ್ಲಿ ಇದು ಗರ್ಭದ ಶೀತ, ರಕ್ತದ ನಿಶ್ಶಕ್ತಿ ಎಂದರು. ಇಂಥವರಿಗೆ ಅವರ ಊರಿನಲ್ಲಿ ಕಪ್ಪು ಕೋಳಿಯ ಸಾರು ಕುಡಿಸುತ್ತಾರಂತೆ. ನಾನು ಕೊರಳಿನ ಕರಡಿಗೆ ಎತ್ತಿ ತೋರಿಸಿ, ಇದರೊಳಗೆ ನಮ್ಮ ಲಿಂಗವಿದೆ, ನಮಗೆ ಕೋಳಿ ನಿಷಿದ್ಧ ಎಂದೆ. ತೊಂದರೆಯಿಲ್ಲ, ಪಿನಾಂಗಿನ ನಮ್ಮ ಸನ್ಯಾಸಿನಿಯರೂ ಮಾಂಸ ಮುಟ್ಟುವುದಿಲ್ಲ, ಗಟ್ಟಿಮುಟ್ಟಾಗಿದ್ದಾರೆ ಎಂದರು. ಕೋಳಿಯ ವಿಷಯವನ್ನು ನಾನು ಅತ್ತೆಗೆ ದಾಟಿಸಲಿಲ್ಲ. ದುಭಾಷಿಗೂ ಒಂದಿಷ್ಟು ಸ್ವಾತಂತ್ರ್ಯ ಬೇಕು.

ದಾಟಿಸಿದ್ದು ಮುಂದಿನದನ್ನು: ಕರಿ ಎಳ್ಳು ತಿನ್ನಲಿ, ಶುಂಠಿ ಬೆಲ್ಲದ ಕಷಾಯ ಕುಡಿಯಲಿ, ಎಲ್ಲವನ್ನೂ ಬೆಚ್ಚಗೆ ತಿನ್ನಲಿ, ತಣ್ಣನೆಯ ಮಜ್ಜಿಗೆ ಸೌತೆಕಾಯಿ ಬಿಡಲಿ.

ಅತ್ತೆ ಎದ್ದು ನಿಂತರು. "ಏನು? ಮಜ್ಜಿಗಿ ಬ್ಯಾಡ, ಎಳ್ಳು ತಿನ್ನು ಅಂತಾಳ? ಎಳ್ಳು ಹೀಟು! ಬಸುರು ಇಳದು ಹೊಕ್ಕೈತಿ ಅಂತ ಹೇಳು ಆಕಿಗೆ!"

ಹೇಳಿದೆ. ಟಾನ್ ಆಂಟಿ ಸಿಟ್ಟಾಗಲಿಲ್ಲ. ಅವರ ಕಣ್ಣು ಹೊಳೆಯಿತು. ನಿಮ್ಮಲ್ಲೂ ಉಷ್ಣ ಶೀತ ಉಂಟೇ ಎಂದು ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಶುರುವಾಯಿತು ನೋಡಿ ಇಬ್ಬರ ಸಂವಾದ. ಬಸುರಿ ಪರಂಗಿ ತಿನ್ನಬಹುದೇ? ಇಲ್ಲ, ಇಲ್ಲ. ಅನಾನಸು? ಇಬ್ಬರೂ ಕೈಯಾಡಿಸಿದರು. ಕಲ್ಲಂಗಡಿ? ಅತ್ತೆಗೆ ತಂಪು, ಒಳ್ಳೆಯದು. ಟಾನ್ ಆಂಟಿಗೆ ತಂಪು, ಅದಕ್ಕೇ ಕೆಟ್ಟದ್ದು. ನಾನು ಅತ್ತಿತ್ತ ಮಾತು ದಾಟಿಸುತ್ತಾ ಕುಳಿತೆ. ಬೆಟ್ಟ ಕಡಲು ದಾಟಿದರೂ ಹೆಂಗಸರ ಹೊಟ್ಟೆಗೆ ಏನು ಬೀಳಬೇಕೆಂಬ ಜಗಳ ಒಂದೇ ಎನ್ನಿಸಿ ನನಗೆ ಖುಷಿಯಾಗಿತ್ತು. ಆಂಟಿ ಒಂದು ಡಬ್ಬಿಯಿಂದ ಸುಕ್ಕುಗಟ್ಟಿದ ಕೆಂಪು ಹಣ್ಣುಗಳನ್ನು ತೆಗೆದು ಅತ್ತೆಯ ಅಂಗೈಗೆ ಹಾಕಿದರು, ರಕ್ತಕ್ಕೆ ಒಳ್ಳೆಯದು ಎಂದರು. ಅತ್ತೆ ಕಚ್ಚಿ ನೋಡಿ, "ಅಯ್ಯ, ಇದು ನಮ್ಮ ಬಾರಿಹಣ್ಣಿನ ಬಳಗ! ಒಣಗಿಸ್ಯಾರ ಅಷ್ಟ" ಎಂದರು. ಬಾರಿಹಣ್ಣೆಂದರೆ ಬೋರೆಹಣ್ಣು. ಅಲ್ಲಿಗೆ ಅರ್ಧ ರಾಜಿಯಾಯಿತು. ಔಷಧಿಯ ಬೇರುಗಳನ್ನು ಮಾತ್ರ ಆಂಟಿ ಕೊಡಲಿಲ್ಲ. ನಿನ್ನ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ, ಬಸುರಾದರೆ ಮೊದಲು ಹೋಗಬೇಕಾದದ್ದೂ ಆಸ್ಪತ್ರೆಗೇ ಎಂದರು.

ಆಮೇಲೆ ಅವರು ಕೈ ಒರೆಸಿಕೊಂಡು, ಎರಡು ಸಲ ಹೋಯಿತಲ್ಲ, ಆಗ ನಿನ್ನ ಚಿಕ್ಕ ತಿಂಗಳನ್ನು ಯಾರು ಮಾಡಿದರು ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಹೆತ್ತ ಹೆಂಗಸು ಅವರಲ್ಲಿ ಒಂದು ತಿಂಗಳು ಕೂರುತ್ತಾಳೆ. ಗಾಳಿಗೆ ಹೋಗುವುದಿಲ್ಲ, ತಣ್ಣೀರು ಮುಟ್ಟುವುದಿಲ್ಲ, ತಾಯಿಯೋ ಅತ್ತೆಯೋ ಶುಂಠಿ ಹಾಕಿ ಬೇಯಿಸಿ ತಿನ್ನಿಸುತ್ತಾರೆ. ಮಗು ನಿಲ್ಲದೆ ಹೋದರೂ ಹಾಗೆಯೇ ಕೂರಿಸುತ್ತಾರೆ, ಅದಕ್ಕೆ ಚಿಕ್ಕ ತಿಂಗಳು ಎನ್ನುತ್ತಾರೆ. ತೊಟ್ಟಿಲು ತುಂಬಿದೆಯೋ ಖಾಲಿಯೋ ಮೈಗೆ ಗೊತ್ತಿಲ್ಲವಲ್ಲ, ಮೈ ಹೆತ್ತೇ ಇರುತ್ತದೆ ಎಂದರು.

"ಏನಂದ್ಲು?" ಅತ್ತೆ ಕೇಳಿದರು.

ನನ್ನ ತಾಯಿ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಮೊದಲ ಸಲ ಹೋದಾಗ ಒಂದು ವಾರವೂ ಕಳೆಯದೆ ಲ್ಯಾಬಿಗೆ ಹೋಗಿದ್ದೆ. ಎರಡನೆಯ ಸಲ ಅತ್ತೆ ರಾಣೆಬೆನ್ನೂರಿನಲ್ಲಿ ಸುಮಾಳ ಬಾಣಂತನದಲ್ಲಿದ್ದರು. ಅದು ಮುಗಿದ ಮೇಲೆ ಬಂದು, "ಇರಲಿ ಬಿಡವಾ, ಮರತುಬಿಡು" ಎಂದು ತಲೆ ಸವರಿ ಹೋಗಿದ್ದರು. ಎಲ್ಲರೂ ಅದನ್ನೇ ಹೇಳಿದ್ದರು, ಪ್ರೀತಿಯಿಂದಲೇ ಹೇಳಿದ್ದರು. ನನಗೆ ಅವರ ಮೇಲೆ ಸಿಟ್ಟಿತ್ತೆಂದು ಆ ಹಂಚಿನ ಮನೆಯಲ್ಲಿ ಕುಳಿತ ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

"ಶಶಿ, ಏನಂದ್ಲು ಆಕಿ? ಮಕ್ಕಳಾಗೂದಿಲ್ಲ ಅಂದ್ಲೇನು?" ಅತ್ತೆ ನನ್ನ ಮೊಣಕೈ ಹಿಡಿದರು.

"ಅಲ್ಲ ಅತ್ತೆ. ನನ್ನ ಬಾಣಂತನ ಯಾರು ಮಾಡಿದ್ರು ಅಂತ ಕೇಳ್ತಿದಾರೆ. ಎರಡು ಸಲದ್ದೂ."

ಅತ್ತೆ ನನ್ನನ್ನು ನೋಡಿದರು, ಟಾನ್ ಆಂಟಿಯನ್ನು ನೋಡಿದರು. ಉಳಿದ ಬಿಸಿನೀರನ್ನು ಕುಡಿದು ಮುಗಿಸಿ, ಚೀಲದ ಬಾಯಿ ಮಡಚಿಕೊಂಡರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಆಕೀಗೆ ಯಾರು ಮಾಡಿದ್ರಂತ ಕೇಳು" ಎಂದರು. ಕೇಳಿದೆ.

"ನನ್ನ ಅತ್ತೆ. ಒಂದು ಸಲ" ಎಂದರು ಟಾನ್ ಆಂಟಿ. ಅವರಿಗೆ ಮಕ್ಕಳಿಲ್ಲವೆಂದು ಸ್ಟೆಲ್ಲಾ ಹೇಳಿದ್ದಳು. ಕೆಂಪು ಹಣ್ಣುಗಳ ಒಂದು ಪೊಟ್ಟಣ ಕಟ್ಟಿ ಅತ್ತೆಯ ಕೈಗಿಟ್ಟು, ಗೇಟಿನವರೆಗೆ ಬಂದು, ಹುಣಸೆಮರದ ತಿರುವಿನಲ್ಲಿ ನಾವು ಮರೆಯಾಗುವವರೆಗೂ ನಿಂತಿದ್ದರು.

ವಾಪಸ್ಸು ಬರಲು ರೈಲಿರಲಿಲ್ಲ, ಬಸ್ಸು ಹತ್ತಿದೆವು. ಪಟ್ಟಂದೂರು ಅಗ್ರಹಾರದ ಬಳಿ ಹೊಸ ಗಾಜಿನ ಕಟ್ಟಡ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದರ ಬುಡದಲ್ಲಿ ತಗಡಿನ ಗುಡಿಸಲುಗಳ ಸಾಲು. ಬೇರೆ ದಿನವಾಗಿದ್ದರೆ ಅತ್ತೆ ಕಟ್ಟಡದ ಅಂತಸ್ತು ಎಣಿಸಿ, ಕೊಪ್ಪಳದ ಹುಡುಗಿಯ ಗುಡಿಸಲು ಯಾವುದಿರಬಹುದೆಂದು ಊಹಿಸಿ ನನ್ನ ತಲೆ ತಿನ್ನುತ್ತಿದ್ದರು. ಆ ದಿನ ಮಡಿಲಿನ ಹಣ್ಣಿನ ಪೊಟ್ಟಣವನ್ನೇ ನೋಡುತ್ತಿದ್ದರು. ಕೃಷ್ಣರಾಜಪುರ ದಾಟಿದ ಮೇಲೆ ಕೇಳಿದರು:

"ಒಂದು ವಾರಾನೂ ಕುಂದರಲಿಲ್ಲ ನೀನು?"

"ಇಲ್ಲ ಅತ್ತೆ."

"ತಲಿಗೆ ನೀರು ಯಾರು ಹಾಕಿದ್ರು?"

"ನಾನೇ ಹಾಕ್ಕೊಂಡೆ. ತಣ್ಣೀರು. ಗ್ಯಾಸ್ ಮುಗಿದುಹೋಗಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. ಬೇಸರ ಮಾಡಿಬಿಟ್ಟೆನೇನೋ ಎಂದು ನನಗೂ ಕಸಿವಿಸಿ. ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಅದೂ ನಿಜ.

ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಪೀಣ್ಯದ ಬಸ್ಸು ಎದುರೇ ನಿಂತಿದ್ದರೂ ಅತ್ತೆ ಹತ್ತಲಿಲ್ಲ. "ಇಲ್ಲಿ ಗಾಂಧಿಗರ ಅಂಗಡಿ ಎಲ್ಲಿ ಐತಿ?" ಎಂದು ಕೇಳಿ ಚಿಕ್ಕಪೇಟೆಯ ಕಡೆಗೆ ನಡೆಸಿಕೊಂಡು ಹೋದರು. ಭಾನುವಾರವಾದ್ದರಿಂದ ಅರ್ಧ ಅಂಗಡಿ ಮುಚ್ಚಿದ್ದವು. ತೆರೆದಿದ್ದ ಒಂದು ಗ್ರಂಥಿಗೆ ಅಂಗಡಿಯ ಮುಂದೆ ನಿಂತು ಅತ್ತೆ ಒಂದೊಂದೇ ಹೇಳತೊಡಗಿದರು. ಅಂಟು. ಅಳವಿ. ಕೊಬ್ಬರಿ. ಉತ್ತತ್ತಿ. ಗಸಗಸೆ. ಒಣಶುಂಠಿ. ಬೆಲ್ಲ. ಆಮೇಲೆ ಸ್ವಲ್ಪ ತಡೆದು, "ಎಳ್ಳೂ ಹಾಕಪ್ಪ, ಕರೀವು" ಎಂದರು. ಚೌಕಾಸಿ ಮಾಡಲಿಲ್ಲ. ಅವರ ಜೊತೆ ಅಂಗಡಿಗೆ ಹೋದವರಿಗೆ ಮಾತ್ರ ಅದು ಎಂಥ ಸಂಗತಿಯೆಂದು ತಿಳಿಯುತ್ತದೆ.

ಅಂಗಡಿಯವರು ಪೊಟ್ಟಣ ಕಟ್ಟುತ್ತಾ ಸಂತೋಷದಿಂದ ಕೇಳಿದರು, "ಬಾಣಂತಿಗೇನಮ್ಮಾ? ಮನೇಲಿ ಮಗು ಏನು, ಗಂಡೋ ಹೆಣ್ಣೋ?"

ನಾನು ನೆಲ ನೋಡಿದೆ. ಅತ್ತೆ ನನ್ನ ತೋಳು ಹಿಡಿದು ಮುಂದಕ್ಕೆ ತಂದರು.

"ಕೂಸು ಇಲ್ಲಪ್ಪ. ಬಾಣಂತಿ ಅದಾಳ. ಇಲ್ಲೇ ನಿಂತಾಳ ನೋಡು."

ಅಂಗಡಿಯವರು ನನ್ನನ್ನು ನೋಡಿದರು. ತೂಗಿದ ಅಂಟಿನ ಮೇಲೆ ಇನ್ನೊಂದು ಹಿಡಿ ಹಾಕಿ ದಾರ ಸುತ್ತಿದರು.

ಪೀಣ್ಯದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಜು ಒಡೆದಿತ್ತು. ರಾತ್ರಿ ಪಾಳಿಗೆ ಹೊರಟವರು, ನೆಂಟರ ಮನೆಗೆ ಹೋಗಿಬಂದವರು, ಜನವೋ ಜನ. ಮತ್ತೆ ಬಸುರಾಗುವುದೋ ಬೇಡವೋ ಎಂಬ ನನ್ನ ಪ್ರಶ್ನೆಗೆ ಕಾಡುಗೋಡಿಯಲ್ಲಿ ಉತ್ತರ ಸಿಕ್ಕಿರಲಿಲ್ಲ. ವಿಚಿತ್ರವೆಂದರೆ ಆ ಸಂಜೆ ಅದಕ್ಕೆ ಅವಸರವೇ ಇರಲಿಲ್ಲ. ಮೊದಲು ಕೂರಬೇಕಾದ ತಿಂಗಳೊಂದು ನನಗೆ ಬಾಕಿಯಿತ್ತು.

ಯಶವಂತಪುರ ದಾಟುವಾಗ ಚಳಿಗಾಳಿ ಬೀಸಿತು. ಅತ್ತೆ ಚೀಲದಲ್ಲಿ ಪಂಚೆಯ ತುಂಡಿಗಾಗಿ ತಡಕಾಡಿದರು. ಅದು ಬೆಳಿಗ್ಗೆಯೇ ಕೊಪ್ಪಳದ ಹುಡುಗಿಯ ಕಿವಿಗೆ ಹೋಗಿತ್ತು. ಆಗ ತಾವು ಹೊದ್ದಿದ್ದ ಶಾಲನ್ನೇ ತೆಗೆದು ನನ್ನ ತಲೆಯ ಮೇಲೆ ಹಾಕಿ, ಎರಡೂ ಕಿವಿ ಮುಚ್ಚುವಂತೆ ಸುತ್ತಿ, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿದರು.

"ಬಿಚ್ಚಬ್ಯಾಡ. ಗಾಳಿ ಹೊಕ್ಕೈತಿ" ಎಂದರು.

ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನ ಕಟ್ಟಿದ ಕಿವಿ ನೋಡಿದಳು, ಆಮೇಲೆ ನನ್ನ ಮಡಿಲು ನೋಡಿದಳು. ಮಡಿಲಲ್ಲಿ ಪೊಟ್ಟಣಗಳ ಚೀಲವಿತ್ತು. ನನಗೆ ಅಳು ಬಂತು. ಬಸ್ಸಿನ ತುಂಬ ಜನರಿದ್ದರೂ ಅತ್ತುಬಿಟ್ಟೆ. ನಿಲ್ಲದೆ ಹೋದ ಎರಡೂ ಮಕ್ಕಳಿಗಾಗಿ ಅತ್ತುಕೊಂಡೆ. ಪಕ್ಕದಲ್ಲಿ ಶಾಲಿಲ್ಲದೆ ನಡುಗುತ್ತಿದ್ದ ನನ್ನ ಅತ್ತೆ, ಈ ಸಲ ಮರೆತುಬಿಡು ಎನ್ನಲಿಲ್ಲ.